ಬರಿ ಕಲ್ಲು ತಿರುಗಿದ ರಾತ್ರಿ

ಇದು ನಡೆದದ್ದು ನಿಜ ಎನ್ನಲು ನನ್ನ ಬಳಿ ಇರುವುದು ಒಂದು ಚಿಟಿಕೆ ಹಿಟ್ಟು ಮಾತ್ರ. ಕಾನ್ವೆಂಟಿನಲ್ಲಿ ಓದಿದವಳು ನಾನು. ಯಾರಾದರೂ ದೆವ್ವದ ಮಾತು ತೆಗೆದರೆ ಮೆಲ್ಲಗೆ ಎದ್ದು ಚಹಾ ಇಡಲು ಹೋಗುತ್ತಿದ್ದೆ. ಈಗ ಹಾಗೆ ಏಳಲು ಆಗುವುದಿಲ್ಲ.

ನಮ್ಮ ಮನೆ ಬಸವನ ಬಾಗೇವಾಡಿಯಲ್ಲಿ. ಅತ್ತೆಯ ತವರು ಹಳೆ ಕೊಲ್ಹಾರ, ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಊರು ಮುಳುಗುವ ಮೊದಲು ಅತ್ತೆ ಮತ್ತು ಅವರ ತಂಗಿ ನೀಲವ್ವ ಬೀಸುಕಲ್ಲಿನ ಮುಂದೆ ಕೂತು, ಜೋಳ ಬೀಸುತ್ತ ಹಾಡಿದ್ದನ್ನು ಮಾವ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಮುಂದೆ ಅದನ್ನು ಸಿ.ಡಿ. ಡಿಸ್ಕಿಗೆ ಹಾಕಿಸಿದರು. ನೀಲವ್ವ ತೀರಿಕೊಂಡು ಬಹಳ ವರ್ಷಗಳಾದವು. ಭಾರವೆಂದು ಬಿಟ್ಟು ಬಂದ ಆ ಕಲ್ಲು ನೀರಿನೊಳಗೇ ಉಳಿಯಿತು.

ಅತ್ತೆಗೆ ಮರೆವು ಹೆಚ್ಚಾದ ಮೇಲೆ ಆ ಡಿಸ್ಕೇ ಅವರ ಜೀವ. ನಮ್ಮ ಹಳೆಯ ಪ್ಲೇಯರಿಗೆ ಗಾಜಿನಂಥ ಮುಚ್ಚಳವಿದೆ. ಒಳಗೆ ಡಿಸ್ಕು ತಿರುಗುವುದು ಕಾಣಬೇಕು, ಹಾಡು ಕೇಳಬೇಕು... ಆಗ ಮಾತ್ರ ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಬಾಯಿ ತೆರೆಯುತ್ತಿದ್ದರು.

ಆ ಡಿಸ್ಕು ಸವೆದು, ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳತೊಡಗಿತು. ಅತ್ತೆ ಹೆದರಿ ತುಟಿ ಬಿಗಿದರು. ಹಿಂದಿನ ದಿನದಿಂದ ನೀರು ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಹಾಡುಗಳನ್ನು ಹೇಗೋ ಕಂಪ್ಯೂಟರಿಗೆ ಇಳಿಸಿಕೊಂಡು, ಮೊಬೈಲಿನಲ್ಲಿ ಹಾಕಿ ತೋರಿಸಿದೆ.

“ತಿರಗವಲ್ದು,” ಎಂದು ಮುಖ ಹೊರಳಿಸಿದರು.

ತಿರುಗುವುದು ಕಾಣಬೇಕಾದರೆ ಹಾಡುಗಳನ್ನು ಹೊಸ ಡಿಸ್ಕಿಗೆ ಬರೆಯದೆ ಬೇರೆ ದಾರಿ ಇರಲಿಲ್ಲ. ಆದರೆ ಎಷ್ಟು ಸಲ ಹಾಕಿದರೂ ಕಂಪ್ಯೂಟರು ಡಿಸ್ಕನ್ನು ಒಪ್ಪಲಿಲ್ಲ.

ನಮ್ಮ ಯಜಮಾನರಿಗೆ ಮುಳವಾಡದ ಕಡೆ ನೀರೆತ್ತುವ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ. ಫೋನಿನಲ್ಲೇ ಕೇಳಿದರು, “ಏನಂತೈತಿ?”

“ಖಾಲಿ ಡಿಸ್ಕ್ ಹಾಕು ಅಂತೈತ್ರಿ. ನಾ ಖಾಲಿದ ಹಾಕೇನಿ.”

“ಸ್ಪೀಡ್ ಕಮ್ಮಿ ಇಟ್ಟು ನೋಡು.”

“ಇಟ್ಟೇನ್ರಿ. ಲೆನ್ಸೂ ಒರಸೇನಿ. ಬ್ಯಾರೆ ಕಂಪನಿ ಡಿಸ್ಕೂ ಹಾಕಿ ನೋಡಿದೆ.”

“ಹಂಗಾರ ನಿನ್ನ ಕಾನ್ವೆಂಟ್ ಇಂಗ್ಲಿಷ್‌ನ್ಯಾಗ ಬೈದು ನೋಡು. ಅಂಜಿ ಬರದೀತು.”

ನಕ್ಕು ಫೋನಿಟ್ಟೆ. ಇನ್ನೊಂದು ಡಿಸ್ಕು ಹಾಕಿದೆ. ಗುಂಯ್ ಎಂದು ತಿರುಗಿತು, ನಿಂತಿತು, ಹೊರಗೆ ಬಂತು. ಮತ್ತೊಂದು. ಅದೂ ಹಾಗೆಯೇ...

ಆಗ ಒಳಕೋಣೆಯಿಂದ ಅತ್ತೆಯ ದನಿ. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿ ತಿಂಗಳುಗಳೇ ಆಗಿದ್ದವು.

“ಯಾರವ್ವಾ ಬರಿ ಕಲ್ಲು ತಿರುವಾಕತ್ತಾಕಿ?”

“ನಾನ ಅತ್ತಿ. ಕಲ್ಲಲ್ರಿ, ಡಿಸ್ಕ್ ಐತಿ.”

“ಕಾಳಿಲ್ಲದ ತಿರುವಬ್ಯಾಡ. ಬರಿ ಕಲ್ಲು ಸುಮ್ಮ ತಿರಗಂಗಿಲ್ಲ ಯವ್ವಾ... ಏನಾರ ಒಂದು ಬೇಡ್ತೈತಿ.”

ಖಾಲಿ ಬೀಸುಕಲ್ಲು ತಿರುಗಿಸಿದರೆ ಮನೆಗೆ ಒಳಿತಲ್ಲ ಎಂದು ಈ ಕಡೆಯ ಹಿರಿಯರು ಹೇಳುವುದನ್ನು ಕೇಳಿದ್ದೆ. ಒಳಗೆ ಹೋಗಿ ಅತ್ತೆಯ ಹೊದಿಕೆ ಸರಿಮಾಡಿ ಬಂದೆ. ಉಳಿದಿದ್ದು ಒಂದೇ ಡಿಸ್ಕು. ನಡುವೆ ತೂತಿರುವ, ದುಂಡಗಿನ, ಏನೂ ಇಲ್ಲದ ಡಿಸ್ಕು. ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತೆ. ಅತ್ತೆಯ ಹಸಿವು ನೆನಪಾಗಿ, ಹಾಕಿಬಿಟ್ಟೆ.

ಈ ಸಲ ಅದು ತೆಗೆದುಕೊಂಡಿತು. ಪರದೆಯ ಮೇಲೆ ಹಸಿರು ಗೆರೆ ನಿಧಾನಕ್ಕೆ ಮುಂದೆ ಸರಿಯಿತು. ಕಣ್ಣು ತುಂಬಿ ಬಂತು.

ಆಮೇಲೆ ಸದ್ದು ಬದಲಾಯಿತು. ಗುಂಯ್ ಎನ್ನುವುದು ನಿಂತು... ಘರ್‍... ಘರ್‍... ಕಲ್ಲಿನ ಮೇಲೆ ಕಲ್ಲು ಹೊರಳುವ ಭಾರವಾದ ಸದ್ದು. ಆಗತಾನೇ ಬೀಸಿದ ಜೋಳದ ಬೆಚ್ಚನೆಯ ವಾಸನೆ ಕೋಣೆ ತುಂಬಿತು. ಅದರಡಿಯಲ್ಲಿ ಬಹಳ ದಿನ ನೀರಿನಲ್ಲಿ ನೆನೆದ ಮಣ್ಣಿನ ವಾಸನೆ.

ಒಳಗೆ ಅತ್ತೆ ಹಾಡತೊಡಗಿದ್ದರು. ಒಂದು ಸಾಲು ಹಾಡಿ ನಿಲ್ಲಿಸುವರು. ಇನ್ನೊಬ್ಬರು ಒಂದು ಸಾಲು ಹಾಡಿ ಮುಗಿಸುವಷ್ಟು ಹೊತ್ತು ಬಿಟ್ಟು, ಮುಂದಿನದನ್ನು ಎತ್ತಿಕೊಳ್ಳುವರು.

ಆ ಬಿಡುವಿನಲ್ಲಿ ನನಗೆ ಕಲ್ಲಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಒಳಗೆ ಹೋಗಿ ನೋಡದೆ, ಹಸಿರು ಗೆರೆಯನ್ನೇ ನೋಡುತ್ತ ನಿಂತೆ.

ಗೆರೆ ತುಂಬಿತು. ಡ್ರೈವು ತಾನಾಗಿ ತೆರೆದುಕೊಂಡಿತು. ಡಿಸ್ಕು ಬಿಸಿಯಾಗಿತ್ತು. ಅದರ ಸುತ್ತ, ಬೀಸುಕಲ್ಲಿನ ಸುತ್ತ ಬೀಳುವ ಹಾಗೆಯೇ, ಬಳೆಯಂತೆ ಬಿಳಿ ಹಿಟ್ಟು. ಬೆರಳಲ್ಲಿ ಮುಟ್ಟಿ ನೋಡಿದೆ. ನಮ್ಮ ಗಿರಣಿ ಹಿಟ್ಟಿನಷ್ಟು ನಯವಿರಲಿಲ್ಲ... ತರಿತರಿಯಾಗಿತ್ತು.

ಡಿಸ್ಕನ್ನು ಮತ್ತೆ ಒಳಗೆ ತಳ್ಳಿ ತೆರೆದೆ. ಖಾಲಿ, ಎಂದಿತು ಕಂಪ್ಯೂಟರು.

ಬೆಳಿಗ್ಗೆ ಯಜಮಾನರು ಬಂದು ಹಳೆಯ ಡಿಸ್ಕನ್ನೇ ಪ್ಲೇಯರಿಗೆ ಹಾಕಿದರು. ತಿರುಗಿತು, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಆದರೆ ಹಾಡಿರಲಿಲ್ಲ. ಅತ್ತೆಯ ದನಿಯೂ ಇಲ್ಲ, ನೀಲವ್ವನ ದನಿಯೂ ಇಲ್ಲ. ಕಾಳಿಲ್ಲದ ಕಲ್ಲಿನ ಒಣ ಸದ್ದು ಮಾತ್ರ. ಕಂಪ್ಯೂಟರಿನಲ್ಲಿ ಇಳಿಸಿಟ್ಟದ್ದರಲ್ಲೂ ಅದೇ. ಬರಿ ಕಲ್ಲು ಬೇಡಿದ್ದು ಆ ಹಾಡುಗಳನ್ನೇ ಇರಬೇಕು.

ಅತ್ತೆ ಬಹಳ ಹೊತ್ತು ಡಿಸ್ಕು ತಿರುಗುವುದನ್ನೇ ನೋಡಿದರು. “ಕಾಳು ತೀರ್‍ಯಾವು,” ಎಂದು ಗೋಡೆಯ ಕಡೆ ಹೊರಳಿದರು. ಅದಾದ ಮೇಲೆ ಅವರು ಮಾತಾಡಿಲ್ಲ.

ಡಾಕ್ಟರು ಕೆಲವು ದಿನ ಸಲೈನ್ ಹಚ್ಚಿ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದಾರೆ. ಆ ಹಿಟ್ಟು ರೊಟ್ಟಿ ಬಡಿದ ನನ್ನ ಕೈಯಿಂದಲೇ ಬಿದ್ದಿರಬೇಕು ಎನ್ನುತ್ತಾರೆ ಯಜಮಾನರು. ಇರಬಹುದು. ಆದರೆ ಡಿಸ್ಕು ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಂಡಿದ್ದೆ. ಹಿಟ್ಟನ್ನು ಒಂದು ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೇನೆ, ಚೆಲ್ಲಲು ಮನಸ್ಸಾಗಿಲ್ಲ.

ದಿನವೂ ಹಾಲುರೊಟ್ಟಿ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಅತ್ತೆ ಬಾಯಿ ತೆರೆಯುವುದಿಲ್ಲ. ತುತ್ತು ಹಿಡಿದು ಮುಖದ ಹತ್ತಿರ ಬಗ್ಗಿದಾಗ, ಅವರ ಉಸಿರಿನಲ್ಲಿ ಆಗತಾನೇ ಬೀಸಿದ ಹಿಟ್ಟಿನ ವಾಸನೆ ಬರುತ್ತದೆ.