ಹೆಸರು ಹೇಳಿಸಿದವಳು

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಾತು ಕಡಿಮೆ ಮಾಡಿದೆ. ಮೊದಲೂ ನನ್ನದು ದೊಡ್ಡ ಬಾಯಿಯೇನಲ್ಲ. ಆದರೆ ಹೈದರಾಬಾದಿನಲ್ಲಿ ಸುಮ್ಮನೆ ಕೂತವರೆಂದರೆ ರೋಗಿಗಳೆಂದೇ ಲೆಕ್ಕ. ನಿಮ್ಮ ಅಪ್ಪ ಅಮ್ಮ ಇಬ್ಬರೂ ಆಗ ಉಪ್ಪಲ್‌ನ ಸಾಫ್ಟ್‌ವೇರ್ ಕಂಪನಿಗೆ ಹೋಗುವವರು. ನಿಮ್ಮಲ್ಲಿ ದೊಡ್ಡವಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ನನ್ನ ಕೈಗೆ ಬಿಡಬಹುದೋ, ಬೇಬಿ ಸಿಟ್ಟಿಂಗ್‌ಗೆ ಹಾಕಬೇಕೋ ಎಂಬುದನ್ನು ಕಂಪನಿಯ ಕೌನ್ಸೆಲರ್ ನನ್ನ ನೆನಪು, ಮನಸ್ಸು ಪರೀಕ್ಷಿಸಿ ಹೇಳಬೇಕೆಂದಾಯಿತು.

ಆಕೆ ಎಲ್ಲ ನಾಡಿನವರ ರೀತಿ ರಿವಾಜು ಬಲ್ಲವಳಂತೆ. ಅದಕ್ಕೆಂದೇ ತರಬೇತಿ ಆಗಿತ್ತಂತೆ. ಆ ತರಬೇತಿಯ ಫಲ ಮೇಜಿನ ಮೇಲೆ ಕಾಣುತ್ತಿತ್ತು: ಎಣ್ಣೆಯನ್ನೇ ಕಾಣದ ಹಿತ್ತಾಳೆಯ ದೀಪ, ಪ್ಲಾಸ್ಟಿಕ್ ಮಲ್ಲಿಗೆ. ಆಕೆ ಹಿಂದಿಯಲ್ಲಿ ಕೇಳುವುದು, ನಿಮ್ಮಪ್ಪ ಕನ್ನಡ ಮಾಡಿ ಹೇಳುವುದು.

ಮೊದಲು ಕೇಳಿದ್ದೇ ಗಂಡನ ಹೆಸರು. ನಾನು ಬಾಯಿಗೆ ಸೆರಗು ಹಿಡಿದೆ.

"ಅವ್ವಾ, ಅಪ್ಪನ ಹೆಸರು ಹೇಳಬೇ."

"ನೀನ ಹೇಳು. ನಿನಗ ಗೊತ್ತಿಲ್ಲೇನು?"

"ನಿನ್ನ ಬಾಯಿಲೇನ ಬರಬೇಕಂತ."

"ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರು ಹಿಡಿಯಂಗಿಲ್ಲ ಅಂತ ತಿಳಿಸಿ ಹೇಳೋ."

"ಹಳ್ಳಿ ಮಂದಿ ಅಂತಾರಬೇ."

"ಮತ್ತ ನಾವೇನು ಲಂಡನ್ ಮಂದಿ?"

ಅವನು ನನ್ನ ಮಾತನ್ನು ಆಕೆಗೆ ಹಿಂದಿ ಮಾಡಿ ಹೇಳಲೇ ಇಲ್ಲ. ರೀತಿ ರಿವಾಜಿನ ಪಂಡಿತೆ ನನ್ನತ್ತ ಕರುಣೆಯಿಂದ ನೋಡಿ, ಅವನಿಗೆ ಮೆಲ್ಲಗೆ ಏನೋ ಅಂದಳು. ಅಷ್ಟು ಹಿಂದಿ ನನಗೂ ಬರುತ್ತಿತ್ತು. ಗಂಡನ ಹೆಸರೇ ಮರೆತಿದ್ದಾರೆ, ಕೂಸನ್ನು ಇವರೊಬ್ಬರ ಬಳಿ ಬಿಡಬೇಡಿ ಎಂದಳು.

ಮರೆವಂತೆ! ಆ ಹೆಸರನ್ನು ಒಡಪಿನಲ್ಲಲ್ಲದೆ ನಾನೆಂದೂ ಬಾಯಿಂದ ಆಡಿದವಳಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡ ನಿಂತು ಹೇಳಿಸಿದ್ದರು. ಪ್ರಾಸದ ಎರಡು ಸಾಲು, ಅದರೊಳಗೆ ಗಂಡನ ಹೆಸರು. ಕುಂಕುಮ ಅಳಿದವಳು ಒಡಪು ಹೇಳುವುದುಂಟೆ? ಆದರೆ ಹೇಳದಿದ್ದರೆ ಕೂಸು ಕೈತಪ್ಪುತ್ತಿತ್ತು. ಎದ್ದು ನಿಂತು ಗೋಡೆ ನೋಡುತ್ತ ಎರಡೂ ಸಾಲು ಹೇಳಿದೆ. ಅವರ ಹೆಸರು ಬಂದಾಗಲೂ ನಿಲ್ಲಿಸಲಿಲ್ಲ.

ಆ ಪುಣ್ಯಾತ್ಗಿತ್ತಿ ಚಪ್ಪಾಳೆ ತಟ್ಟಿದಳು! "ವಾಹ್ ಅಮ್ಮಾಜಿ, ಫಿರ್ ಸೇ" ಎಂದು, ಇನ್ನೊಮ್ಮೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಲು ಫೋನು ಎತ್ತಿ ಹಿಡಿದಳು. ಅವಳಿಗೆ ಅದೊಂದು ಹಾಡು. ನಿಮ್ಮಪ್ಪ ತಲೆ ತಗ್ಗಿಸಿ ಕೂತಿದ್ದ.

"ಹೆಸರು ಬಂತಿಲ್ಲೋ ಅದರಾಗ? ನೆನಪು ಐತಿ ಅಂತ ಆಕೀಗೆ ಹೇಳಿ ನಡಿ," ಎಂದೆ. "ಕೂಸು ಹಸಿದಿರತೈತಿ."