ಮೌನದ ನಡುವೆ ಬಂದ ಶಾಲು

ಸ್ನೇಹಿತರೇ, ಇವತ್ತು ಸಂಜೆ ಎನ್.ಆರ್. ಪುರದ ಸಮುದಾಯ ಭವನದಲ್ಲಿ ನಾನು ಒಂದು ಸನ್ಮಾನವನ್ನು ತಡೆದೆ. ನಾಲ್ವರು ವಾದಕರು ಬಂದಿದ್ದರು. ಎರಡು ಪಿಟೀಲು, ಅದರ ಅಣ್ಣನಂಥದ್ದು ಒಂದು, ನೆಲಕ್ಕೆ ಊರುವ ದೊಡ್ಡಪ್ಪ ಒಂದು. ಈಗಿನವರು ಬರೆದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು, ಕಂಟೆಂಪರರಿ ಅಂತಲೋ ಏನೋ, ಊರೂರಿಗೆ ಕೇಳಿಸುವುದೇ ಇವರ ಹಟ. ನುಡಿಸುತ್ತಾ ನುಡಿಸುತ್ತಾ ನಾಲ್ವರೂ ಒಮ್ಮೆಲೇ ಕಮಾನು ಎತ್ತಿ ಅಲ್ಲಾಡದೆ ಕುಳಿತರು. ಸಮಿತಿಯ ಅಧ್ಯಕ್ಷರು ಶಾಲು ಹಿಡಿದು ವೇದಿಕೆ ಹತ್ತಿಯೇಬಿಟ್ಟರು.

ನಾನು ಎದ್ದು ಕೂಗಿದೆ: "ನಾಟ್ ಓವರ್ ಸಾರ್! ಟು ಬಿ ಕಂಟಿನ್ಯೂಡ್!"

"ಎಂತ ಮಾರಾಯ್ರೆ, ಕೈ ನಿಲ್ಸಿದಾರಲ್ಲ! ಮುಖ್ಯ ಅತಿಥಿಗಳಿಗೆ ಕೊಪ್ಪದಲ್ಲಿ ಇನ್ನೊಂದು ಕಾರ್ಯಕ್ರಮ ಉಂಟು" ಎಂದರು ಅಧ್ಯಕ್ಷರು.

ದೊಡ್ಡಪ್ಪನನ್ನು ನುಡಿಸುತ್ತಿದ್ದ ಹೆಂಗಸು, "ಈ ಮೌನವೂ ಸಂಗೀತವೇ ಸರ್, ಇನ್ನೂ ಅರ್ಧ ಇದೆ. ಮೊದಲಿಂದ ನುಡಿಸ್ತೀವಿ" ಎಂದರು. ನುಡಿಸಿಯೇಬಿಟ್ಟರು. ಮುಖ್ಯ ಅತಿಥಿಗಳು ಹೊರಟರು, ಸಭೆ ಏಳಲಿಲ್ಲ. ಅಧ್ಯಕ್ಷರು ಶಾಲಿನ ಸಮೇತ ವೇದಿಕೆಯ ಮೂಲೆಯಲ್ಲೇ ಕೊನೆವರೆಗೆ ನಿಂತರು.

ಆಮೇಲೆ ಕೇಳಿದರು: "ಮುಗ್ದಿಲ್ಲ ಅಂತ ನಿಮಗೆ ಹ್ಯಾಂಗೆ ಗೊತ್ತಾಯ್ತು?"

ತೀರಿಹೋದ ನನ್ನವಳೂ ಜಗಳದ ನಡುವೆ ಹೀಗೇ ಸುಮ್ಮನಾಗುತ್ತಿದ್ದಳು. ಮುಗಿಯಿತೆಂದು ನಾನು ಎದ್ದ ದಿನವೆಲ್ಲ ಮೊದಲಿಂದ ಕೇಳಬೇಕಾಗುತ್ತಿತ್ತು.