ಎರಡನೇ ತೊಟ್ಟಿಯ ಕಿವಿರು

ಮೇಡಂ ಹೆಸರೆತ್ತಿದರೆ ತೊಟ್ಟಿಯಣ್ಣನ ಕಣ್ಣು ಇವತ್ತಿಗೂ ಒದ್ದೆಯಾಗುತ್ತದೆ. ಸುಮ್ಮಸುಮ್ಮನೆ ಅಲ್ಲ.

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಾಜಿನ ತೊಟ್ಟಿ ತೊಳೆದು ಮರಿಗಳನ್ನು ಸಾಕುವುದು ಅವನ ಕೆಲಸ. ಮೂವತ್ತು ವರ್ಷ ಎಲ್ಲರ ಮೇಲೂ ಗೊಣಗಿದ ಆಸಾಮಿ, ನೋಡಲು ಹಲ್ಲಿಯಂತಿದ್ದು ನೀರಲ್ಲಿ ಬೆಳೆಯುವ ಸಲಮಾಂಡರ್ ಮರಿಗಳ ಮುಂದೆ ಮಾತ್ರ ಬೆಣ್ಣೆಯಂತೆ ಕರಗುತ್ತಿದ್ದ.

ಒಂದು ವರ್ಷ ವಿಭಾಗದಲ್ಲಿ ಪಾಠ ಮಾಡುವ ಮೇಡಂ ಸಂಶೋಧನೆಗೆಂದು ಎರಡು ತೊಟ್ಟಿ ಇಟ್ಟಿದ್ದರು. ಒಂದಕ್ಕೆ ಗಾಳಿಯ ಪಂಪು ಉಂಟು, ಎರಡನೆಯದಕ್ಕೆ ಇಲ್ಲ. ಗಾಳಿ ಕಡಿಮೆಯಾದರೆ ಮರಿಗಳ ಕುತ್ತಿಗೆಯ ಪಕ್ಕದ ಕಿವಿರು ಹೇಗೆ ಬೆಳೆಯುತ್ತದೆಂದು ಎರಡು ತಿಂಗಳ ಕೊನೆಗೆ ಅಳೆಯಬೇಕಿತ್ತು. ಸೋಮವಾರ ಆ ಅಳತೆ.

ಶನಿವಾರ ಮಧ್ಯಾಹ್ನ ಎರಡನೇ ತೊಟ್ಟಿಯ ಮರಿಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಮನೆಯಲ್ಲಿ ಅವನ ಹೆಂಡತಿಯೂ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಹೀಗೇ ಏದುಸಿರು ಬಿಡುತ್ತಿದ್ದಳು. ಪ್ರಯೋಗ-ಗಿಯೋಗ ಎಲ್ಲ ಮರೆತು, ಹಿಂದುಮುಂದು ನೋಡದೆ ಪಂಪು ಹಾಕಿಬಿಟ್ಟ.

ಎಡವಟ್ಟು ತಲೆಗೆ ಹೊಳೆದದ್ದು ಸೋಮವಾರ ಬೆಳಿಗ್ಗೆ. ಪಂಪು ತೆಗೆದಿಟ್ಟರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಪಂಪಿನತ್ತ ಕೈಯೇನೋ ಹೋಯಿತು. ಆದರೆ ಸುಳ್ಳು ಅಳತೆಯ ಕೆಳಗೆ ಮೇಡಂ ಹೆಸರು ಬರುತ್ತದಲ್ಲ ಎಂದು ಕೈ ಹಿಂದೆಗೆದ.

"ಮೇಡಂ, ಕೆಡಿಸ್ಬಿಟ್ಟೆ," ಎಂದು ಬಾಗಿಲಲ್ಲೇ ಎಲ್ಲ ಹೇಳಿದ. ಹೆಂಡತಿಯ ವಿಷಯವನ್ನೂ ಹೇಳಿದ.

ಮೇಡಂ ಮುಖ ಕೆಂಪಗಾಯಿತು. "ಎರಡು ತಿಂಗಳು ನೀರುಪಾಲಾಯ್ತಲ್ಲ ಅಣ್ಣ!" ಎಂದು ಕುರ್ಚಿಯಲ್ಲಿ ಕುಸಿದರು. ಆಮೇಲೆ ಎದ್ದು, ಹಿಂದಿನ ವಾರ ಮಾಡಿಟ್ಟಿದ್ದ ಕಿವಿರಿನ ಒಂದು ಸ್ಲೈಡನ್ನು ಸೂಕ್ಷ್ಮದರ್ಶಕಕ್ಕಿಟ್ಟರು.

"ಬನ್ನಿ, ನೋಡಿ. ಕಿವಿರಿನ ಚರ್ಮ ಒಂದೆರಡು ಕೋಶದಷ್ಟೇ ದಪ್ಪ. ಅದರ ಕೆಳಗೇ ರಕ್ತ. ನೀರಲ್ಲಿರೋ ಆಮ್ಲಜನಕ ಇಷ್ಟು ದಾಟಿದ್ರೆ ಸಾಕು. ಈ ಸಣ್ಣ ಕೂದಲಿರೋ ಕೋಶಗಳು ನೀರನ್ನ ಸರಿಸ್ತಾನೇ ಇರ್ತವೆ. ಗಾಳಿ ಸಾಲದೇ ಹೋದ್ರೆ ಮರಿ ಈ ಎಳೆಗಳನ್ನ ಉದ್ದ ಬೆಳೆಸ್ಕೊಳ್ಳುತ್ತೆ. ಅವು ಸಾಯ್ತಾ ಇರ್ಲಿಲ್ಲ ಅಣ್ಣ, ಬದುಕೋ ದಾರಿ ಮಾಡ್ಕೋತಾ ಇದ್ವು."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ತಪ್ಪು ಮಾಡಿದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದ ಈ ದೊಡ್ಡತನಕ್ಕೆ ಅವನ ಕಣ್ಣು ತುಂಬಿತು.

ಮೇಡಂ ಪ್ರಯೋಗದ ಪುಸ್ತಕ ತೆರೆದು ಪೆನ್ನು ಚಾಚಿದರು. "ಏನಾಯ್ತೋ ನೀವೇ ಬರೀರಿ. ಮುಂದಿನ ಸಲ ಮೊಟ್ಟೆ ಬಂದಾಗ ಮತ್ತೆ ಶುರು ಮಾಡೋಣ. ತೊಟ್ಟಿ ನಿಮ್ದೇ ಜವಾಬ್ದಾರಿ."

ಅಲ್ಲಿಯವರೆಗೆ ಆ ಪುಸ್ತಕದಲ್ಲಿ ಬರೆದವರೆಲ್ಲ ದೊಡ್ಡ ಓದು ಓದಿದವರು. ಅವನು ದುಂಡಗೆ ಬರೆದ: 'ಶನಿವಾರ ಮಧ್ಯಾಹ್ನ ಎರಡನೇ ತೊಟ್ಟಿಗೆ ಗಾಳಿ ಕೊಟ್ಟೆ. ಮರಿಗಳ ಸಂಕಟ ನೋಡಲಾಗಲಿಲ್ಲ.'

ಮೇಡಂ ಎರಡನೇ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೇ ತಮ್ಮ ಸಹಿ ಹಾಕಿದರು.